ಹಂಚಿನ ಕಂಪನಿ

ಬೋಳೂರಿನ ಹಂಚಿನ ಕಂಪನಿಯಿಂದ ಕಾಗದ ಬಂತು,
ರಿಜಿಸ್ಟರ್ಡ್ ಪೋಸ್ಟು, ಹನ್ನೆರಡು ಪುಟ.
ನಿಮ್ಮ ಷೇರು ನಾವೇ ವಾಪಸು ಕೊಳ್ಳುತ್ತೇವೆ,
ಒಂದಕ್ಕೆ ಮುನ್ನೂರ ಹತ್ತು.
ಪೇಟೆಯಲ್ಲಿ ಇನ್ನೂರ ನಲವತ್ತು ಉಂಟು.

ಅಜ್ಜ ಭಟ್ಟಿಗೆ ಸೌದೆ ಹಾಕುತ್ತಿದ್ದವರು.
ಒಂದು ವರ್ಷ ಬೋನಸ್ಸಿಗೆ ದುಡ್ಡಿಲ್ಲದೆ
ಕಾಗದ ಕೊಟ್ಟರಂತೆ, ನಾನೂರು ಷೇರು.
ಅಜ್ಜಿ ಅದನ್ನು ಒಣಮೀನಿನ ಡಬ್ಬಿಯ ಹಿಂದೆ ಸಿಕ್ಕಿಸಿ
ಮೂವತ್ತು ವರ್ಷ ಬೈದರು.
ಈಗ ಡಿಮ್ಯಾಟ್; ವಾಸನೆಯಿಲ್ಲ.

ಸಾಲಿಯಾನ್ ಮಾಸ್ಟ್ರು ಕೊಟ್ಟುಬಿಟ್ಟರು.
‘ಬುಟ್ಟಿಗೆ ಬಿದ್ದ ಬಂಗುಡೆಯನ್ನು
ಯಾರಾದರೂ ಕಡಲಿಗೆ ಬಿಡ್ತಾರಾ ಮಾರಾಯ್ತಿ?’
ಫೆಲ್ಸಿ ಬಾಯಿಯೂ ಕೊಟ್ಟರು,
ಮೊಣಕಾಲಿನ ಆಪರೇಶನ್ನಿಗೆ.

ನಾನು ಕೊಡಲಿಲ್ಲ. ಕ್ಯಾಲ್ಕುಲೇಟರ್ ತೆಗೆದೆ.
ಹತ್ತು ಲಕ್ಷದಲ್ಲಿ ಎರಡು ಲಕ್ಷ ರದ್ದಾದರೆ
ಎರಡೂವರೆ ಸಾವಿರದಲ್ಲಿ ಒಂದು ಪಾಲಾಗಿದ್ದ ನಾನು
ಎರಡು ಸಾವಿರದಲ್ಲಿ ಒಂದು.
ಕೂತಲ್ಲೇ ಬೆಳೆದೆ,
ಕಾಲು ಮಣೆಯ ಮೇಲೆ, ಚಹಾ ಆರುವ ಮೊದಲೇ.

ಆದರೆ ಆರು ಕೋಟಿ ಇಪ್ಪತ್ತು ಲಕ್ಷ ಎಲ್ಲಿಯದು?
ಹೊಳೆಬದಿಯಲ್ಲಿ ಹಂಚು ಒಣಗುತ್ತಿದ್ದ ಅಂಗಳ ಮಾರಿದ್ದು.
ಆ ಅಂಗಳದಲ್ಲಿ ನನ್ನದೂ ಇತ್ತಲ್ಲ,
ಒಂದು ಚಾಪೆ ಹಾಸುವಷ್ಟು.
ಹಾಗಾದರೆ ಮಾಸ್ಟ್ರಿಗೆ ದುಡ್ಡೆಣಿಸಿದ ಕೈಗಳಲ್ಲಿ
ಒಂದು ನನ್ನದು.
ಷೇರು ಮುನ್ನೂರ ಹತ್ತು ಬಾಳದಿದ್ದರೆ
ಹೋದವರು ನನ್ನ ಖರ್ಚಿನಲ್ಲಿ ಹೋದರು.
ನಾನೂರು ಬಾಳುವುದಾದರೆ
ಅವರು ಬಿಟ್ಟುಹೋದ ತೊಂಬತ್ತು
ನಮ್ಮ ತಟ್ಟೆಗಳಲ್ಲಿ,
ಉಣ್ಣುವಾಗ ಬಾಗಿಲು ಓರೆ ಮಾಡಬೇಕು.

ಎಷ್ಟು ಬಾಳುತ್ತದೆ?
ಹನ್ನೆರಡು ಪುಟದಲ್ಲಿ ಅದೊಂದಿಲ್ಲ.
ಒಂಬತ್ತನೆಯದರ ಬುಡದಲ್ಲಿ ಮಾತ್ರ
ಇರುವೆಯಷ್ಟು ಅಕ್ಷರ:
ಡೈರೆಕ್ಟರರಿಗೂ ತಮ್ಮ ಷೇರು ಕೊಡುವ ಇರಾದೆ ಉಂಟು.
ಓದಿದ್ದು ತಡವಾಗಿ, ಕನ್ನಡಕ ಬದಲಾದ ಮೇಲೆ.

ಈ ಸಲ ವಾರ್ಷಿಕ ಸಭೆಗೆ ಹೋದೆ.
ಅದೇ ಹಾಲು, ಅದೇ ಫ್ಯಾನು,
ಕುರ್ಚಿಗಳು ದೂರ ದೂರ.
ಭಟ್ಟಿ ಎರಡರಲ್ಲಿ ಒಂದು ಆರಿದೆ ಅಂದರು,
ಪ್ರತಿ ಷೇರಿನ ಗಳಿಕೆ ಏರಿದೆ ಅಂದರು.
ಎರಡಕ್ಕೂ ಚಪ್ಪಾಳೆ.
ಹೊರಡುವಾಗ ಮ್ಯಾನೇಜರ್ ಕರೆದು
ಲಾಡು, ಮಿಕ್ಸ್ಚರಿನ ಪೊಟ್ಟಣ
ಒಂದರ ಮೇಲೊಂದಿಟ್ಟ,
‘ಎರಡು ತಗೊಳ್ಳಿ ಅಕ್ಕಾ, ತುಂಬ ಉಳಿದಿದೆ.’

ಒಂದನ್ನು ಬ್ಯಾಗಿಗೆ ಹಾಕಿ
ಫೆಲ್ಸಿ ಬಾಯಿಯ ಮನೆಗೆ ನಡೆದೆ.
ಬೆಲ್ ಒತ್ತಿದೆ.
ಬಾಗಿಲು ತೆಗೆಯಲು ಅವರೇ ಬಂದರು,
ಗೋಡೆ ಹಿಡಿಯದೆ.