ಐನೂರಾ ಐವತ್ನಾಲ್ಕು

ಬ್ಯಾಡಗಿ ಪ್ಯಾಟಿ ಸೀನಿ ಸೀನಿ ಮಲಗೇತಿ.
ನಾ ಲಾಗ್ ಓದಾಕತ್ತೀನಿ:
ಐನೂರಾ ಐವತ್ನಾಲ್ಕು, ತಿರಸ್ಕೃತ.
ಐನೂರಾ ಐವತ್ನಾಲ್ಕು, ಅಸಭ್ಯ ಪದ.

ಸೋಮವಾರದಿಂದ ಸಂಕಣ್ಣವರ ಸಾಹುಕಾರ್ರ ದರಪಟ್ಟಿ
ಹೊಸ್ತಿಲಾ ದಾಟಿಲ್ಲ.
“ನಿಮ್ಮ ಮೇಲಿನ್ಯಾಗ ಏನೋ ಹೊಲಸ ಮಾತೈತ್ರಿ”
ಅಂದಿದ್ದೆ ಮುಂಜಾನೆ.
ಫೋನಿನ್ಯಾಗ ಬರೇ ಫ್ಯಾನಿನ ಸಪ್ಪಳ.
ಆಮ್ಯಾಲ, “ಅರವತ್ತೆರಡು ವರ್ಷಾತು ತಂಗಿ, ನನಗ.”

ಈಗ ಸಿಕ್ತು, ಏಳನೇ ಸಾಲಿನ್ಯಾಗ: ಹಾಟ್.
‘ಡಬ್ಬಿ ಮೆಣಸಿನಕಾಯಿ, ನಾಟ್ ಹಾಟ್, ಓನ್ಲಿ ಕಲರ್’
ಖರೇನ ಬರದಾರ, ಪಾಪ.
ಸಾಣಿಗಿಗೆ ‘ಅಲ್ಲ’ ಅನ್ನೂದು ಕೇಳಂಗಿಲ್ಲ.

ದೀಪಾವಳಿ ಹಿಂದಿನ ದಿನ ಅವಸರದಾಗ
ಆ ನಿಯಮ ಬರದಾಕಿ ನಾನ.
ಅಳಿಸಿದೆ.
ಆದ್ರ ತಿರುಗಿ ಬಂದದ್ದು ತಾನ ಹೋಗಂಗಿಲ್ಲ;
ಮತ್ತೊಮ್ಮೆ ಕಳಸ್ರಿ ಅನ್ನಾಕ
ನಾಳೆ ಅವರ ಅಂಗಡಿ ಮೆಟ್ಲಾ ಹತ್ತಬೇಕು,
ಫೋನಿನ್ಯಾಗಲ್ಲ.