ಗಚ್ಚಿ ಮ್ಯಾಲಿನ ಧೂಳು

ಡಾಂಬರು ಕಾಸೂದು ನನ್ನ ಕಸುಬು.
ಮಳಿಗಾಲಕ್ಕ ಮೊದಲಿನ ಎರಡು ತಿಂಗಳು
ದಾದರ, ಮಾಟುಂಗಾ, ವಡಾಳಾ,
ಸೋರೋ ಗಚ್ಚಿ ಎಲ್ಲದ ಅಲ್ಲಿ ನಾನು.
ಮೊದಲು ಕಸಬರಿಗಿ, ಆಮ್ಯಾಲೆ ಬೆಂಕಿ.
ಧೂಳು ಉಳಿದ್ರ ಡಾಂಬರು ಹಿಡಿಯಂಗಿಲ್ಲ.

ಹಿಂದೂ ಕಾಲನಿಯ ಒಂದು ಗಚ್ಚಿಗೆ
ಕಾರಖಾನೀಸ ಬಾಯಿ ಏರಿ ಬಂದರು.
ರಿಟಾಯರ್ ಆದ ರಸಾಯನದ ಟೀಚರ್,
ಮೊಣಕಾಲಿಗೆ ಪಟ್ಟಿ, ಕೈಯಾಗ
ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ,
ಅದಕ್ಕ ಹಾಲಿನ ಚೀಲ ಸುತ್ತಿತ್ತು.
"ಆ ಕಸಾ ಒಗೀಬ್ಯಾಡ" ಅಂದರು.
ಕಿವಿಯೋಲೆ ಕಳದದ ಅನಕೊಂಡೆ.
ಬಾಯಿ ಮುಗಿಲಿಗೆ ಬೊಟ್ಟು ಮಾಡಿದರು.

ಮಂಗಳನ ಆಚಿ, ಗುರುವಿನ ಈಚಿ
ಕಲ್ಲಿನ ಸಂತಿ ನೆರೆದದ ಅಂತ.
ಗ್ರಹ ಆಗಲಿಕ್ಕೆ ಹೊಂಟು ಆಗದ ಉಳಿದವು
ಒಂದಕ್ಕೊಂದು ಹಾಯ್ದು ಹಿಟ್ಟು ಉದುರಸತಾವ.
ಬಾಲದ ಚುಕ್ಕಿ ಸೂರ್ಯನ ಹಂತೇಲಿ ಬಂದು
ಮೈ ಕರಗಿ, ದಾರಿ ತುಂಬ ಬೂದಿ ಚೆಲ್ಲತದ.
ಆ ಹಿಟ್ಟು, ಆ ಬೂದಿ ದಿನಾ ರಾತ್ರಿ
ಸಪ್ಪಳ ಇಲ್ಲದ ಇಳೀತದ,
ಗುಡಿ ಮ್ಯಾಲೆ, ಮಸೂತಿ ಮ್ಯಾಲೆ,
ಒಣಹಾಕಿದ ಹಪ್ಪಳದ ಮ್ಯಾಲೆ.

ಹನ್ನೊಂದು ವರ್ಷ. ಎಷ್ಟು ಮುಗಿಲು ಗುಡಿಸಿ
ಬಚ್ಚಲ ಪೈಪಿಗೆ ದೂಡಿದೆನೋ.

"ಒಂದೊಂದು ಗಚ್ಚಿಗೆ ಒಂದೊಂದು ಪೊಟ್ಟಣ,
ಮ್ಯಾಲೆ ಪತ್ತಾ. ಹತ್ತು ರೂಪಾಯಿ."
ನನಗ ಬರಿಯಲಿಕ್ಕೆ ಬರೂದು ಕನ್ನಡ ಒಂದೇ,
ಅದೂ ಐದನೇತ್ತ ತನಕ.
ವಡಾಳಾ, ಉಪ್ಪಿನ ಗದ್ದಿ ಹಿಂದ, ನೀರಿನ ಟಾಕಿ ಮಗ್ಗಲ.
ಐತವಾರ ಹೋಗಿ ನಾನೇ ಓದತಿದ್ದೆ,
ಬಾಯಿ ಮರಾಠಿಗೆ ಇಳಿಸಿಕೋತಿದ್ದರು.

ಪಾವ್ ಕಿಲೋ ಧೂಳಿನಾಗ ಏನಿರತದ?
ಪಾರಿವಾಳದ ಹಿಕ್ಕಿ. ಪಟಾಕಿ ಚೂರು.
ಲೋಕಲ್ ಗಾಡಿ ಬ್ರೇಕಿನ ಹುಡಿ,
ಮೆಟ್ರೋದ ವೆಲ್ಡಿಂಗ್ ಕಿಡಿ ಆರಿ
ಉಂಡಿ ಕಟ್ಟಿದ ಕರೀ ಹರಳು.
ಈ ಊರು ತನ್ನ ಸುಳ್ಳು ಚುಕ್ಕಿ ತಾನೇ ಮಾಡಿ
ಕೆಳಗಿಂದ ಮ್ಯಾಲಕ್ಕ ತೂರತದ.
"ಇದಲ್ಲ" ಅನ್ನೋರು. "ಇದೂ ಅಲ್ಲ."
ಎರಡು ಮಳಿಗಾಲ ಇದೂ ಅಲ್ಲ.

ನಡುವ ಒಂದು ವಾರ ಜ್ವರ, ಕೆಲಸಿಲ್ಲ.
ಧಾರಾವಿಯೊಳಗ ನಮ್ಮ ಖೋಲಿ ಮ್ಯಾಲಿನ
ಪತ್ರಾ ಬಳದು ಮೂರು ಪೊಟ್ಟಣ ಕಟ್ಟಿದೆ.
ಪತ್ತಾ ಹುಟ್ಟಿಸಿದೆ: ಕುರ್ಲಾ, ಚೆಂಬೂರ, ಮುಲುಂಡ.
ಮೂವತ್ತು ರೂಪಾಯಿ.
ಓದಿ ಹೇಳೂವಾಗ ದನಿ ನಡುಗಿತು,
ಜ್ವರ ಇನ್ನೂ ಬಿಟ್ಟಿಲ್ಲ ಅಂತ ಬಾಯಿ ಚಾ ಕೊಟ್ಟರು.

ದೀಪಾವಳಿ ಆದ ಮ್ಯಾಲೆ ಫೋನು.
ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದೆ.
ಮೊದಲು ಕಂಡದ್ದು ನನ್ನ ರೆಪ್ಪಿಯ ನೆರಳು,
ಆಮ್ಯಾಲೆ ಅದು.
ರಾಗಿ ಕಾಳಿನ ಕಾಲುಭಾಗ ಇಲ್ಲ.
ಕರೀ ಗುಂಡು, ಮೈತುಂಬ ಗೀರು,
ಉರಕೋತ ಬಂದು ಅವಸರದಾಗ ಆರಿದ್ದು.
ನಾನೂರೈವತ್ತು ಕೋಟಿ ವರ್ಷ, ಭೂಮಿಗೆ ಓರಗಿ.
ಬಾಯಿ ಉಸಿರು ಹಿಡಿದು ನಿಂತಿದ್ದರು,
ಹಾರಿ ಹೋದೀತು ಅಂತ.

ಯಾವ ಪೊಟ್ಟಣರೀ? ಅಂದೆ.
ಚೀಟಿ ತಂದರು. ನನ್ನದೇ ವಕ್ರ ಅಕ್ಷರ.
ಕುರ್ಲಾ.

ಗಂಟಲು ಕಟ್ಟಿತು. ಹಂಗೇ ಬಿಟ್ಟಿದ್ದರ
ಯಾರಿಗೆ ಗೊತ್ತಾಗತಿತ್ತು?
ಅಷ್ಟು ದೂರದಿಂದ ಬಂದದ್ದಕ್ಕ
ಇಳಿದ ಊರರೇ ಖರೇ ಇರಲಿ.
ಕುರ್ಲಾ ಅಲ್ಲರೀ, ಅಂದೆ. ನಮ್ಮನಿ ಪತ್ರಾ.

ಭಾಳ ಹೊತ್ತು ಪೆನ್ನು ತಿರುವಿದರು.
"ಸರಿ. ಹಂಗಾದ್ರ ಪತ್ತಾ ಹೇಳು."
ನಮ್ಮ ಗಲ್ಲಿಗೆ ಹೆಸರಿಲ್ಲರೀ,
ಸರ್ವೇದವರು ಬಾಗಿಲಿಗೆ ನಂಬರ್ ಗೀಚ್ಯಾರ.
"ಆ ಕಲ್ಲಿಗೂ ಹಂಗ" ಅಂದರು ಬಾಯಿ,
"ಮೊದಲು ನಂಬರ್. ಹೆಸರು ಹಿಂದಾಗಡಿ,
ಎಷ್ಟೋಕ್ಕ ಬರೂದೇ ಇಲ್ಲ."
ಕುರ್ಲಾ ಹೊಡದು ಹಾಕಿ ನಂಬರ್ ಬರಕೊಂಡರು.

ಮೂವತ್ತು ರೂಪಾಯಿ ಮೇಜಿನ ಮ್ಯಾಲಿಟ್ಟೆ.
ಇಪ್ಪತ್ತು ಎಣಿಸಿ ತಗೊಂಡರು.
"ಹತ್ತು ಇಟ್ಟಗೋ. ಒಂದು ಪೊಟ್ಟಣ ಖರೇ ಅದ."