ಕೀಲಿ ಹಾಕೇತಿ

ಚಿಂಚಿಣಿಗೆ ಮೂರು ಸಲ ಹೋಗೀನಿ.
ವಾಸ್ಕೋದಿಂದ ಗಾಡಿ ಮ್ಯಾಲ, ಪೆಟ್ರೋಲು ನಂದ.
ಆಳು ಸಿಕ್ಕರ ಎಂಬತ್ತು ರೂಪಾಯಿ,
ಸಿಗಲಿಲ್ಲಂದ್ರ ನಲವತ್ತು.

ಹಸರು ಗೇಟು. ಅಂಗಳದಾಗ ಶಿಲುಬಿ,
ಶಿಲುಬಿ ಕೊಳ್ಳಾಗ ಒಣಗಿದ ಚೆಂಡುಹೂವಿನ ಮಾಲಿ.
ಹೆಸರು: ಲಿಂಡನ್ ಕುಲಾಸೊ. ವಯಸ್ಸು ನಲವತ್ತೊಂದು.
ಕೆಲಸ: ಎಣ್ಣಿ ಹಡಗಿನಾಗ ಸೆಕೆಂಡ್ ಇಂಜಿನಿಯರ್.
ಪಗಾರ ಎರಡು ಸಲ ಓದಿದೆ,
ಸೊನ್ನಿ ಮ್ಯಾಲ ಬೆರಳಿಟ್ಟು ಮತ್ತೊಮ್ಮೆ.
ನನ್ನ ಮೂರು ವರ್ಷದ ದುಡಿಮಿ
ಅವಂಗ ಒಂದು ತಿಂಗಳು.

ಮೊದಲನೇ ಸಲ ಮುಂಜಾನೆ. ಕೀಲಿ.
ಎರಡನೇ ಸಲ ಸಂಜಿಮುಂದ. ಅದ ಕೀಲಿ,
ಉಪ್ಪುಗಾಳಿಗೆ ತುಕ್ಕು ಹಿಡದಿತ್ತು.
ಪಕ್ಕದ ಮನಿ ಮುದುಕಿ ಬಟ್ಟಿ ಹಿಂಡಕೋತ
ಕೊಂಕಣಿಯಾಗ ಅಂದ್ಳು:
"ಲಿಂಡನ್? ಅಂವ ಇಲ್ಲಿ ಇರೂದಿಲ್ಲ ಮಗಾ,
ಖರೇ, ಅಂವ ಇಲ್ಲಿಯವ."
ಇದನ್ನ ಯಾವ ಚೌಕದಾಗ ಬರೀಲಿ?
ನನ್ನ ಫಾರ್ಮಿನಾಗ ಇರೂವು ಎರಡ:
ಅದಾನ. ಇಲ್ಲ.

ಮಡಗಾಂವದ ಪ್ರಿಯೋಳಕರ ಮೇಡಂ ಕೆಟ್ಟಾಕಿ ಅಲ್ಲ.
ಕುಂದರಾಕ ಕುರ್ಚಿ ಕೊಟ್ಟು ಹೇಳಿದ್ಲು:
"ಒಂಬತ್ತು ತಿಂಗಳು ಪಗಾರ, ಮೂರು ತಿಂಗಳು ಖಾಲಿ.
ಕಂಪ್ಯೂಟರಿಗೆ ಖಾಲಿ ಅಷ್ಟ ಕಾಣತೈತಿ.
ಕರಾರು ಮುಗದ ಮ್ಯಾಲ ಮತ್ತ ಕರೀತಾರಂತ
ಬರದುಕೊಟ್ಟವರು ಯಾರು?
ಹುಟ್ಟಿದಾಗಿಂದ ಒಂದು ಸಾಲಾನೂ ಮಾಡಿಲ್ಲ,
ಕಾರ್ಡಿಲ್ಲ, ಕಂತಿಲ್ಲ,
ಕಾರು ಸೈತ ರೊಕ್ಕಾ ಎಣಿಸಿಕೊಟ್ಟು ತಗೊಂಡಾನ.
ಇಂಥವನ್ನ ಹ್ಯಾಂಗ ನಂಬೂದು?"
ಆಕಿ ನಗಲಿಲ್ಲ. ನಾನೂ ನಗಲಿಲ್ಲ.
"ಆದ್ರೂ ಇನ್ನೊಮ್ಮೆ ಹೋಗಿ ಬಾ" ಅಂದ್ಲು.

ಬಿರ್ಲಾ ಗುಡ್ಡದ ನಮ್ಮ ಖೋಲಿಗೆ
ಚಿಲಕ ಮುರದು ನಾಕು ವರ್ಷ ಆತು.
ಈ ಗಾಡಿ ಸಾಲಕ್ಕಂತ ನನ್ನಂಥಾವ ಒಬ್ಬ ಬಂದಿದ್ದ.
ಅವ್ವ ಚಾ ಕೊಟ್ಲು, ಮಾವ ಬೀಡಿ ಕೇಳಿದ,
ಹುಡುಗರು ಅವನ ಹೆಲ್ಮೆಟ್ ಹಾಕ್ಕೊಂಡು ಓಡಿದ್ರು.
ಮನಿ ತುಂಬ ಮಂದಿ ಅದಾರ, ಅಂತ ಬರಕೊಂಡು ಹೋದ.
ಮರುದಿನ ಸಾಲ ಪಾಸ್.

ಮೂರನೇ ಸಲ, ಗೇಟಿನ ಮುಂದ ನಿಂತಾಗ ಫೋನು.
ಹಿಂದ ಇಂಜಿನಿನ ಗದ್ದಲ.
ನಾ ಒಂದು ಮಾತಾಡಿದ್ರ
ಎರಡು ಎಣಿಸೂತನಕ ಉತ್ತರ ಇಲ್ಲ.
"ಶಿಲುಬಿ ಕಾಣತೈತಾ?
ಹೂವು ಯಾರರ ಬದಲಿ ಮಾಡ್ಯಾರ?"
ಇಲ್ರೀ, ಅಂದೆ.
ಕೇಳಬಾರದಿತ್ತು, ಕೇಳಿದೆ:
ಇಷ್ಟು ಪಗಾರ ಇದ್ದವರಿಗೆ ಸಾಲ ಯಾಕ್ರೀ?
ಎರಡು ಎಣಿಸಿದೆ. ಮೂರು. ನಾಕು.
"ಕುಟಬಣ ಜೆಟ್ಟಿ ಹತ್ರ ಬರ್ಫಿನ ಫ್ಯಾಕ್ಟರಿ ಮಾರಾಕಿಟ್ಟಾರ.
ಅರ್ಧ ರೊಕ್ಕಾ ಐತಿ. ಇನ್ನರ್ಧ ಸಿಕ್ಕರ
ಹಡಗು ಬಿಡತೇನಿ.
ಮನಿಯಾಗ ಇರತೇನಿ."

ಷರಾ ಬರಿಯೂ ಜಾಗ ಬೆರಳಗಲ.
ಬರದೆ: ಕೀಲಿ ಹಾಕೇತಿ.
ನಿಯಮದ ಪ್ರಕಾರ ಫೋಟೋ ತಗದೆ.
ಬಿಸಲು ನನ್ನ ಬೆನ್ನಿಗಿತ್ತು.

ಫೋಟೋ ನೋಡಿ ಮೇಡಂ ಕೇಳಿದ್ಲು:
"ಬಾಗಲ ಮ್ಯಾಲ ಯಾರದು ನೆರಳು?
ಯಾರೋ ಮನಿಗೆ ಬಂದಂಗೈತಲ್ಲ?"
ನಂದರಿ, ಅಂದೆ.
"ಹಂಗಾರ ಅಂವ ಇಲ್ಲ."
ಇಲ್ರೀ.

ಸಂಜಿಗೆ ಖಾತೆಗೆ
ನಲವತ್ತು ರೂಪಾಯಿ ಜಮಾ ಆತು.